ಬುದ್ಧಿ ಹಲ್ಲು ಕೀಳಿಸಿದರೆ ಸಾಲದು, ಮುಂದಿನ ಹಲ್ಲನ್ನೂ ನೋಡಿಸಿ

ಅಡ್ಡ ಬೆಳೆದ ಬುದ್ಧಿ ಹಲ್ಲು ಕೀಳಿಸಿಕೊಂಡು, ನೋವು ಹೋಯಿತು ಅಂತ ಸುಮ್ಮನಾಗುವವರನ್ನು ನನ್ನ ಕ್ಲಿನಿಕ್‌ನಲ್ಲಿ ತುಂಬಾ ನೋಡಿದ್ದೇನೆ. ಸ್ವಲ್ಪ ಕಾಲ ಕಳೆದ ಮೇಲೆ ಅದೇ ಕೆನ್ನೆ ಹಿಡಿದುಕೊಂಡು ಬರುತ್ತಾರೆ. ಈ ಸಲ ನೋಯುವುದು ಅದರ ಮುಂದಿನ ದವಡೆ ಹಲ್ಲು.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುತ್ತದೆ. ಜಾಗ ಸಾಲದಿದ್ದರೆ ವಾಲಿಕೊಂಡು ಮುಂದಿನ ಹಲ್ಲಿಗೆ ಒರಗುತ್ತದೆ. ಆ ಸಂದಿಯಲ್ಲಿ ಅನ್ನದ ಅಗುಳು, ಕಾಯಿತುರಿ ಸಿಕ್ಕಿಕೊಳ್ಳುತ್ತವೆ. ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ. ವಸಡಿನ ಅಂಚಿನಲ್ಲಿ ಹುಳುಕು ಶುರುವಾಗುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ.

ಮೊದಲು ಎಕ್ಸ್‌ರೇ. ಇಡೀ ದವಡೆಯ ಓಪಿಜಿ ಒಂದು, ಆ ಹಲ್ಲಿನದೇ ಸಣ್ಣದು ಇನ್ನೊಂದು. ಓಪಿಜಿ ಒಂದರಲ್ಲೇ ಮುಗಿಸಬೇಡಿ, ಸಣ್ಣ ಹುಳುಕು ಅದರಲ್ಲಿ ತಪ್ಪಿಹೋಗಬಹುದು. ಹುಳುಕು ಎಷ್ಟು ಆಳ, ಬೇರು ಸವೆದಿದೆಯಾ, ಮೂಳೆ ಇಳಿದಿದೆಯಾ, ಮೂರನ್ನೂ ಕೇಳಿ. ಮುಂದಿನ ಹಲ್ಲು ಉಳಿಯುವಂತಿಲ್ಲ ಅಂತಾದರೆ ಬುದ್ಧಿ ಹಲ್ಲು ಕೀಳುವ ಮೊದಲೇ ಗೊತ್ತಾಗಬೇಕು. ಚಿಕ್ಕ ವಯಸ್ಸಿನವರಲ್ಲಿ ಕೆಲವೊಮ್ಮೆ ಆ ಮುಂದಿನ ಹಲ್ಲನ್ನೇ ತೆಗೆದು, ಗಟ್ಟಿಯಿರುವ ಬುದ್ಧಿ ಹಲ್ಲನ್ನು ಉಳಿಸಿಕೊಳ್ಳಬಹುದು.

ಆಮೇಲೆ ಕೀಳಿಸುವುದು. 24 ಗಂಟೆ ಉಗುಳಬೇಡಿ, ಸ್ಟ್ರಾದಲ್ಲಿ ಕುಡಿಯಬೇಡಿ. ಬೀಡಿ, ಸಿಗರೇಟು ಗಾಯ ಮಾಯುವ ತನಕ ಬೇಡ.

ಎಡವಟ್ಟಾಗುವುದು ಮುಂದಿನ ಹಲ್ಲಿನ ಫಿಲ್ಲಿಂಗ್‌ನಲ್ಲಿ. ಬುದ್ಧಿ ಹಲ್ಲು ಇರುವಾಗಲೇ ತುಂಬಿಸಿಕೊಳ್ಳಲು ಅವಸರ ಪಡುತ್ತಾರೆ. ಅದು ಅಡ್ಡ ಇರುವಾಗ ಉಪಕರಣ ಹುಳುಕಿನ ತಳಕ್ಕೆ ಮುಟ್ಟುವುದಿಲ್ಲ. ಕೀಳಿಸಿದ ದಿನವೇ ತುಂಬಿದರೂ ಕಷ್ಟ, ರಕ್ತ, ಜೊಲ್ಲಿನ ನಡುವೆ ಯಾವ ಫಿಲ್ಲಿಂಗೂ ಗಟ್ಟಿಯಾಗಿ ಕೂರುವುದಿಲ್ಲ. ಹುಳುಕು ಆಳವಿದ್ದರೆ ಅವತ್ತಿಗೆ ತಾತ್ಕಾಲಿಕ ಫಿಲ್ಲಿಂಗ್ ಸಾಕು. ವಸಡು ಸುಧಾರಿಸಿದ ಮೇಲೆ, ಎರಡು ಮೂರು ವಾರದೊಳಗೆ, ಪಕ್ಕಾ ಫಿಲ್ಲಿಂಗ್ ಮಾಡಿಸಿ. ದೀಪಾವಳಿ ಕಳೀಲಿ, ಮದುವೆ ಮುಗೀಲಿ ಅಂತ ಮುಂದೂಡಬೇಡಿ. ನಾನು ವಸಡಿನ ಕೆಳಗಿನ ಭಾಗಕ್ಕೆ ಗ್ಲಾಸ್ ಅಯಾನೊಮರ್ ಎಂಬ ಫಿಲ್ಲಿಂಗ್ ಸಿಮೆಂಟನ್ನೇ ಹಾಕುತ್ತೇನೆ. ಸ್ವಲ್ಪ ತೇವ ತಡೆಯುತ್ತದೆ, ಫ್ಲೋರೈಡ್ ಬಿಡುತ್ತದೆ. ಮುಗಿದ ಮೇಲೆ ಫ್ಲಾಸ್ ದಾರವನ್ನು ಹಲ್ಲಿನ ಹಿಂಬದಿಗೆ ಸುತ್ತಿ ಎಳೆಯಿರಿ. ಎಳೆ ಬಿಟ್ಟರೆ ಅಂಚು ಒರಟಾಗಿದೆ ಅಂತ ಅರ್ಥ. ಅವತ್ತೇ ನಯ ಮಾಡಿಸಿಕೊಂಡು ಏಳಿ.

ಲವಂಗದ ಎಣ್ಣೆಯ ಹತ್ತಿ ಇಟ್ಟು ತಿಂಗಳುಗಟ್ಟಲೆ ತಳ್ಳುವವರಿದ್ದಾರೆ. ನೋವು ಅಡಗುತ್ತದೆ, ಹುಳುಕು ಬೆಳೆಯುತ್ತಲೇ ಇರುತ್ತದೆ. ಜಾಸ್ತಿ ಹಾಕಿದರೆ ವಸಡೂ ಸುಡುತ್ತದೆ.

ಹುಳುಕು ನರದ ತನಕ ಹೋಗಿದ್ದರೆ ರೂಟ್ ಕೆನಾಲ್. ಆಮೇಲೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಬಿಡಲೇಬೇಡಿ. ಇಲ್ಲದಿದ್ದರೆ ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಸೀಳಬಹುದು. ಬೇರು ಅಲ್ಪಸ್ವಲ್ಪ ಸವೆದಿದ್ದರೆ, ಒತ್ತಡ ಹೋದ ಮೇಲೆ ಸವೆತ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. 6 ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ ನೋಡಿ. ಖರ್ಚಿನ ಚಿಂತೆ ಇದ್ದರೆ ಸರ್ಕಾರಿ ದಂತ ಕಾಲೇಜಿಗೆ ಹೋಗಿ. ಸಾಲಿನಲ್ಲಿ ಕಾಯಬೇಕು, ಆದರೆ ದುಡ್ಡು ತುಂಬಾ ಉಳಿಯುತ್ತದೆ.

ಇನ್ನು ಆ ಹಲ್ಲೇ ಸಾಲಿನ ಕೊನೆಯದು. ಒರಟು ಹಲ್ಲುಪುಡಿ ಬೇಡ. ಒಂದೇ ಗುಚ್ಛದ ಸಣ್ಣ ಬ್ರಷ್ ತಂದು ಹಿಂಬದಿಯನ್ನು ದಿನಾ ಉಜ್ಜಿ. ಬಾಯಿ ಪೂರ್ತಿ ತೆರೆಯಬೇಡಿ, ಅರ್ಧ ಮುಚ್ಚಿಕೊಳ್ಳಿ. ಆಗ ಕೆನ್ನೆ ಸಡಿಲವಾಗಿ ಬ್ರಷ್ ಹಿಂದಿನ ತನಕ ಹೋಗುತ್ತದೆ.