ಗೋಲ್ ಹೊಡೆಯುವವನನ್ನು ಬಿಟ್ಟುಕೊಟ್ಟು ತಂಡ ಎತ್ತಿ ನಿಲ್ಲಿಸಿದ್ದು: ನನ್ನ ಅನುಭವ

ನಾನು ನಡೆಸುವ ಹಾಕಿ ತಂಡದ ಸೆಂಟರ್ ಫಾರ್ವರ್ಡ್‌ನನ್ನು ಬೆಂಗಳೂರಿನ ಒಂದು ಕ್ಲಬ್ಬಿಗೆ ಕೊಟ್ಟು, ಅಲ್ಲಿ ಬೆಂಚ್ ಮೇಲೆ ಕೂರುತ್ತಿದ್ದ ಇಬ್ಬರನ್ನು ಕರೆದುಕೊಂಡು ಬಂದಾಗ ತುಮಕೂರಿನ ಹಾಕಿ ವಲಯದಲ್ಲಿ ನನ್ನ ಪರವಾಗಿ ಮಾತಾಡಿದವರು ತೀರಾ ಕಡಿಮೆ. ಆಡಳಿತ ಕಮಿಟಿಯಲ್ಲೇ ಅರ್ಧ ಜನ ಬೇಡ ಅಂದಿದ್ದರು. ಈಗ ನಾವು ಕಪ್ ಗೆದ್ದ ಮೇಲೆ ಬೇರೆ ತಂಡದ ಮ್ಯಾನೇಜರ್‌ಗಳು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಹಾಕಿ ಆಡಿದವರಿಗೆ, ಆಡಿಸಿದವರಿಗೆ ಬರೆಯುತ್ತಿರುವುದು. ಉಳಿದವರಿಗೆ ಎರಡೇ ಮಾತು: ಪಿಸಿ ಅಂದರೆ ಪೆನಾಲ್ಟಿ ಕಾರ್ನರ್. ಗೋಲಿನ ಪಕ್ಕದ ಬೇಸ್ ಲೈನಿನಿಂದ ಪುಷರ್ ಚೆಂಡು ತಳ್ಳುತ್ತಾನೆ, ಡಿ (ಗೋಲ್ ಮುಂದಿನ ಅರ್ಧವೃತ್ತ) ತುದಿಯಲ್ಲಿ ಸ್ಟಾಪರ್ ನಿಲ್ಲಿಸುತ್ತಾನೆ, ಹಿಟ್ಟರ್ ಗೋಲಿಗೆ ಹೊಡೆಯುತ್ತಾನೆ. ಅವನನ್ನು ತಡೆಯಲು ಗೋಲ್ ಲೈನಿನಿಂದ ಎದುರಿಗೆ ನುಗ್ಗುವವನು ರಶರ್.

ಮೊದಲು ದುಡ್ಡಿನ ವಿಷಯ. ನಮ್ಮಂಥ ತಂಡಕ್ಕೆ ವರ್ಷಕ್ಕೆ ಹೆಚ್ಚೂ ಕಡಿಮೆ ಒಂದೂವರೆ ಲಕ್ಷ ಸಿಗುತ್ತದೆ. ಅಡಿಕೆ ವ್ಯಾಪಾರದವರೊಬ್ಬರು, ಒಂದು ಬಟ್ಟೆ ಅಂಗಡಿ, ಉಳಿದಿದ್ದು ಹಳೇ ಆಟಗಾರರ ಜೇಬಿನಿಂದ. ಅದರಲ್ಲಿ 60–70 ಸಾವಿರ ಬರೀ ಗೆಸ್ಟ್ ಪ್ಲೇಯರ್‌ಗಳಿಗೆ ಹೋಗುತ್ತಿತ್ತು. ಒಬ್ಬರಿಗೆ ಒಂದು ಟೂರ್ನಿಗೆ ಎರಡೂವರೆ ಸಾವಿರ, ಮೇಲೆ ಬಸ್ ಚಾರ್ಜು, ಊಟ, ರೂಮು. ಅವರು ಶನಿವಾರ ರಾತ್ರಿ ಬಂದು ಭಾನುವಾರ ಬೆಳಗ್ಗೆ ಆಡಿ ಸಂಜೆ ಹೊರಟುಬಿಡುತ್ತಿದ್ದರು. ನಮ್ಮ ಹುಡುಗರ ಹೆಸರೂ ಅವರಿಗೆ ಗೊತ್ತಿರುತ್ತಿರಲಿಲ್ಲ. ಪಾಸ್ ಕೊಡಬೇಕಾದರೆ 'ಏಯ್ ನೀಲಿ ಸಾಕ್ಸ್' ಅಂತ ಕೂಗುತ್ತಿದ್ದರು. ಇಷ್ಟೆಲ್ಲ ಮಾಡಿಯೂ ಎರಡು ಸೀಸನ್ ಕ್ವಾರ್ಟರ್ ಫೈನಲ್ ದಾಟಲಿಲ್ಲ. ಕೊನೆ ಕೊನೆಗೆ ಮೊದಲ ರೌಂಡಿನಲ್ಲೇ ಮನೆಗೆ.

ಪ್ರತಿ ಸೋಲಿನ ಮೇಲೂ ಜೂನಿಯರ್ ಕಾಲೇಜು ಮೈದಾನದ ಹತ್ತಿರ ಟೀ ಕುಡಿಯುತ್ತಾ ಅದೇ ಚರ್ಚೆ. 'ಫಾರ್ವರ್ಡ್ ಲೈನ್ ವೀಕು, ಇನ್ನೊಬ್ಬ ಸ್ಟ್ರೈಕರ್ ತನ್ನಿ.' ಎಲ್ಲರ ಬಾಯಲ್ಲೂ ಇದೇ. ನಾನು ಮಾತಾಡುತ್ತಿರಲಿಲ್ಲ. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ನಮ್ಮ ಮೇಲೆ ಬಿದ್ದ ಪ್ರತಿ ಗೋಲನ್ನೂ ಅದರಲ್ಲಿ ಬರೆದಿಡುತ್ತಿದ್ದೆ: ಎಲ್ಲಿಂದ ಬಂತು, ಯಾರ ಕಾಲಿಗೆ ತಗುಲಿತು, ಹೊಡೆದವನ ಮುಂದೆ ಯಾರಿದ್ದರು. ಒಂದು ಸೀಸನ್‌ನಲ್ಲಿ ನಲವತ್ತು ಚಿಲ್ಲರೆ ಗೋಲ್ ಬಿಟ್ಟಿದ್ದೆವು. ಅದರಲ್ಲಿ ಇಪ್ಪತ್ತೈದಕ್ಕಿಂತ ಜಾಸ್ತಿ ಪೆನಾಲ್ಟಿ ಕಾರ್ನರ್‌ನಿಂದ. ನಾವು ಹೊಡೆಯುತ್ತಿದ್ದ ಗೋಲ್ ತೀರಾ ಕಡಿಮೆಯೇನೂ ಇರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಆ ಸೆಂಟರ್ ಫಾರ್ವರ್ಡ್ ಹುಡುಗನೊಬ್ಬನೇ ಹೊಡೆಯುತ್ತಿದ್ದ. ಅವನು ಎರಡು ಹೊಡೆದರೆ ನಾವು ಮೂರು ಬಿಡುತ್ತಿದ್ದೆವು. ಇಷ್ಟು ಲೆಕ್ಕ ಕಣ್ಣ ಮುಂದೆ ಇಟ್ಟುಕೊಂಡು ಇನ್ನೊಬ್ಬ ಸ್ಟ್ರೈಕರ್ ತಂದರೆ ಏನು ಬಂತು?

ಆಮೇಲೆ ಒಂದು ವಿಷಯ ಹೊಳೆಯಿತು. ಇದು ನನ್ನದೇ ತಲೆ, ಯಾರೂ ಹೇಳಿಕೊಟ್ಟಿದ್ದಲ್ಲ. ನಾವೆಲ್ಲ ಪಿಸಿ ಕಲಿಯುವುದು ಟಿವಿಯಲ್ಲಿ ಟರ್ಫ್ (ಕೃತಕ ಹುಲ್ಲು) ಮೇಲಿನ ಆಟ ನೋಡಿ. ಟರ್ಫ್ ಮೇಲೆ ಪುಷರ್ ತಳ್ಳಿದ ಚೆಂಡು ನೇರವಾಗಿ ಹೋಗಿ ಸ್ಟಾಪರ್‌ನ ಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ನಮ್ಮ ಮಣ್ಣಿನ ಮೈದಾನದಲ್ಲಿ ಅದು ಕಲ್ಲಿಗೆ ತಾಗಿ ಎದ್ದು ಬೀಳುತ್ತಾ ಹೋಗುತ್ತದೆ. ಒಂದೇ ಸಲಕ್ಕೆ ನಿಲ್ಲಲ್ಲ. ಸ್ಟಾಪರ್ ಎರಡನೇ ಸಲ ಮುಟ್ಟಲೇಬೇಕು. ಆ ಎರಡನೇ ಮುಟ್ಟಿಗೆ ಹಿಡಿಯುವ ಅರ್ಧ ಸೆಕೆಂಡ್ ಪೂರ್ತಿ ರಶರ್‌ನ ಪಾಲು. ಅಂದರೆ ಮಣ್ಣಿನಲ್ಲಿ ಒಳ್ಳೆ ರಶರ್‌ಗೆ ಟರ್ಫ್‌ಗಿಂತ ಬೆಲೆ ಜಾಸ್ತಿ. ಅಂಥವನನ್ನು ದುಡ್ಡು ಕೊಟ್ಟು ಯಾರೂ ಕರೆಸಲ್ಲ. ಯಾಕೆಂದರೆ ಅವನ ಹೆಸರು ಸ್ಕೋರ್ ಶೀಟಿನಲ್ಲಿ ಬರಲ್ಲ.

ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರಿಗೆ ಇದು ಗೊತ್ತಾಗಿರಬೇಕು. 2024ರ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷಕ್ಕೇ ಭಾರತದ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿತ್ತು. ಹತ್ತೇ ಜನ ಆಡಿ 1–1 ಮಾಡಿಕೊಂಡು ಶೂಟೌಟ್‌ನಲ್ಲಿ 4–2ರಲ್ಲಿ ಗೆದ್ದೆವು. ಎಲ್ಲರೂ ಗೋಲ್‌ಕೀಪರ್ ಶ್ರೀಜೇಶ್‌ನನ್ನು ಹೊಗಳಿದರು, ಹೊಗಳಲೇಬೇಕು. ಆದರೆ ಸೆಮಿಫೈನಲ್‌ಗೆ ರೋಹಿದಾಸ್ ಇರಲಿಲ್ಲ, ಸಸ್ಪೆಂಡ್ ಆಗಿದ್ದ. ಪಿಸಿಯಲ್ಲಿ ಎದುರಿಗೆ ನುಗ್ಗುವುದು ಅವನ ಕೆಲಸ. ಜರ್ಮನಿ ಪರ ಗೊನ್ಸಾಲೊ ಪೆಯ್ಯಾಟ್ ಪಿಸಿಯಲ್ಲಿ ಹೊಡೆದ, ನಾವು 2–3ರಲ್ಲಿ ಸೋತೆವು. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಹೇಳುತ್ತಿಲ್ಲ. ಆ ಜಾಗ ಖಾಲಿಯಾದರೆ ಏನು ಕಳೆದುಕೊಳ್ಳುತ್ತೇವೆ ಅಂತ ಹೇಳುತ್ತಿದ್ದೇನೆ.

ಬೆಂಗಳೂರಿನ ಆ ಕ್ಲಬ್ಬಿನಲ್ಲಿ ನನಗೆ ಹಳೇ ಪರಿಚಯ ಇತ್ತು. ಅವರಿಗೆ ಗೋಲ್ ಹೊಡೆಯುವವನು ಬೇಕಾಗಿದ್ದ. ನಮ್ಮ ಹುಡುಗನಿಗೂ ಟರ್ಫ್ ಮೇಲೆ ಲೀಗ್ ಆಡುವ ಆಸೆ ಬಹಳ ದಿನದಿಂದ ಇತ್ತು. ಅವನಿಗೆ ಇಷ್ಟ ಇಲ್ಲದೆ ಮಾಡಿದ ವ್ಯವಹಾರ ಅಲ್ಲ ಇದು. ಅವರ ಅಪ್ಪನ ಜೊತೆ ಕೂತು ಮಾತಾಡಿದ ಮೇಲೇ ಕೈ ಹಾಕಿದ್ದು. ಬದಲಿಗೆ ನಾನು ಕೇಳಿದ್ದು ಇಬ್ಬರನ್ನು. ಒಬ್ಬ ಅವರ ಮೂರನೇ ಗೋಲಿ (ಗೋಲ್‌ಕೀಪರ್), ಇಡೀ ಸೀಸನ್ ಪ್ಯಾಡ್ ಕಟ್ಟಿಕೊಂಡು ಬೆಂಚ್ ಮೇಲೆ ಕೂತಿದ್ದವನು. ಇನ್ನೊಬ್ಬ ಒಣಕಲು ಹಾಫ್ ಬ್ಯಾಕ್. ಚೆಂಡು ಕಂಟ್ರೋಲ್ ಸಾಧಾರಣ, ಪಾಸ್ ಸಾಧಾರಣ, ಓಟ ಮಾತ್ರ ಬಾಣ: ನನಗೆ ಬೇಕಿದ್ದ ರಶರ್. ಅವನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಬೆಂಗಳೂರಿಗೆ ಪ್ರ್ಯಾಕ್ಟೀಸ್‌ಗೆ ಹೋಗುವುದೇ ಅವನಿಗೆ ಕಷ್ಟವಾಗಿತ್ತು. ನಮಗೆ ಅದೇ ಅನುಕೂಲವಾಯಿತು: ಬೆಳಗಿನ ಶಿಫ್ಟ್ ಎರಡಕ್ಕೆ ಮುಗಿದರೆ ನಾಲ್ಕಕ್ಕೆ ಮೈದಾನದಲ್ಲಿ. ಮೇಲೆ ಒಂದಿಷ್ಟು ನಗದನ್ನೂ ಕೊಟ್ಟರು. ಎಷ್ಟು ಅಂತ ಬರೆಯಲ್ಲ, ಮುಂದಿನ ಸಲ ಮತ್ತೆ ಅವರ ಹತ್ತಿರವೇ ಮಾತಿಗೆ ಕೂರಬೇಕು.

ಸುದ್ದಿ ಹೊರಬಿದ್ದ ದಿನ ನಮ್ಮ ನಿವೃತ್ತ ಪಿಟಿ ಮೇಷ್ಟ್ರು, ನಾನು ಕಾಲು ಮುಟ್ಟಿ ನಮಸ್ಕಾರ ಮಾಡುವ ಮನುಷ್ಯ, ಎಲ್ಲರ ಎದುರಿಗೇ ಕೇಳಿದರು: 'ಏನಪ್ಪಾ, ಗೋಲ್ ಹೊಡೆಯೋನ್ನೇ ಕಳಿಸಿಬಿಟ್ಟೆಯಲ್ಲ, ಇನ್ನು ನೀನೇ ಸ್ಟಿಕ್ ಹಿಡೀತೀಯಾ?' 'ಈ ಸೀಸನ್ ಮುಗೀಲಿ ಸಾರ್' ಅಂದೆ, ಅಷ್ಟೇ. ಬಟ್ಟೆ ಅಂಗಡಿಯವರು ಈ ಸಲ ಜೆರ್ಸಿಗೆ ಮಾತ್ರ ಕೊಡುತ್ತೇನೆ ಅಂದರು. ಹದಿನೈದು ಸಾವಿರ ಅಲ್ಲೇ ಕಡಿಮೆಯಾಯಿತು.

ಕಮಿಟಿಯವರನ್ನು ಒಪ್ಪಿಸಲು ಐಸ್ ಹಾಕಿಯ ಕಥೆ ಸಹಾಯಕ್ಕೆ ಬಂತು. ನನ್ನ ತಂಗಿಯ ಮಗ ಕೆನಡಾದಲ್ಲಿದ್ದಾನೆ, ಅವನಿಗೆ ಅದರ ಹುಚ್ಚು. 1988ರ ಆಗಸ್ಟ್‌ನಲ್ಲಿ ಎಡ್ಮಂಟನ್ ಆಯಿಲರ್ಸ್ ತಂಡ ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟಿತು. ಆ ಆಟದ ಅತಿ ದೊಡ್ಡ ಹೆಸರು ಅವನದು. ಜೊತೆಗೆ ಇಬ್ಬರನ್ನು ಕೊಟ್ಟು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಮೂರು ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ), 1.5 ಕೋಟಿ ಡಾಲರ್ ತಗೊಂಡರು. ಊರಿನ ಜನ ಮಾಲೀಕನ ಪ್ರತಿಕೃತಿ ಸುಟ್ಟರು. ಆದರೆ 1990ರಲ್ಲಿ ಗ್ರೆಟ್ಸ್‌ಕಿ ಇಲ್ಲದ ಎಡ್ಮಂಟನ್ ಮತ್ತೆ ಆ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ನನಗೆ ಇಷ್ಟವಾದ ಭಾಗ ಮಧ್ಯದ್ದು. ಬಂದಿದ್ದ ಕಾರ್ಸನ್‌ನನ್ನು 1989ರಲ್ಲಿ ಡೆಟ್ರಾಯಿಟ್‌ಗೆ ದಾಟಿಸಿ ಆಡಮ್ ಗ್ರೇವ್ಸ್, ಜೋ ಮರ್ಫಿ, ಪೀಟರ್ ಕ್ಲಿಮಾ ಇವರನ್ನೆಲ್ಲ ತಂದರು. ಆ ಕಪ್ ಗೆಲ್ಲುವುದರಲ್ಲಿ ಇವರ ಪಾಲು ದೊಡ್ಡದು. ಗ್ರೆಟ್ಸ್‌ಕಿ ಇದ್ದ ಕಿಂಗ್ಸ್ 1993ರಲ್ಲಿ ಫೈನಲ್ ತನಕ ಹೋಗಿ ಮಾಂಟ್ರಿಯಲ್‌ಗೆ ಸೋತರು. ಎಡ್ಮಂಟನ್ ಮಾಲೀಕನಿಗೆ ದುಡ್ಡಿನ ಅಡಚಣೆ ಇತ್ತು, ನಮ್ಮ ಕಾರಣ ಬೇರೆ. ಆದರೂ ಒಬ್ಬನನ್ನು ಕೊಟ್ಟು ನಾಲ್ಕು ಜಾಗ ತುಂಬಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಖಜಾಂಚಿ ಇದನ್ನು ಕೇಳಿದ ಮೇಲೇ ಸಹಿ ಹಾಕಿದರು.

ಖರ್ಚು ಹೀಗಾಯಿತು. ಗೆಸ್ಟ್ ಪ್ಲೇಯರ್ ಪೂರ್ತಿ ಬಂದ್. ಗೋಲಿ ಕಿಟ್ ಸೆಕೆಂಡ್ ಹ್ಯಾಂಡ್, 18 ಸಾವಿರದ ಆಸುಪಾಸು. ಹೊಸದಾದರೆ ಅದರ ಡಬಲ್ ಆಗುತ್ತಿತ್ತು. ಪಿಸಿಗೆ ನಿಲ್ಲುವ ನಾಲ್ವರಿಗೂ ಫೇಸ್ ಮಾಸ್ಕ್, ಮಂಡಿ ಪ್ಯಾಡ್: ಅದಕ್ಕೊಂದು ಹನ್ನೆರಡು ಸಾವಿರ. ಇದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮುಖಕ್ಕೆ ಚೆಂಡು ಬೀಳುವ ಭಯ ಇರುವ ಹುಡುಗ ಮೂರು ಹೆಜ್ಜೆ ಓಡಿ ತಿರುಗಿಬಿಡುತ್ತಾನೆ. ಗೋಲಿಗೆ ಕ್ಯಾತ್ಸಂದ್ರದಲ್ಲಿ ಒಂದು ರೂಮು, ತಿಂಗಳಿಗೆ ಮೂರು ಸಾವಿರ.

ಶುರುವಿನಲ್ಲಿ ಎಲ್ಲ ಕೆಟ್ಟದಾಗಿಯೇ ಹೋಯಿತು. ರಶರ್ ಚೆಂಡು ಬಿಡುವ ಮುಂಚೆಯೇ ಓಡುತ್ತಿದ್ದ. ಅಂಪೈರ್ ಅವನನ್ನು ಸೆಂಟರ್ ಲೈನ್ ಆಚೆ ಕಳಿಸುತ್ತಿದ್ದರು. ಬದಲಿಗೆ ಇನ್ನೊಬ್ಬನನ್ನು ಹಾಕುವ ಹಾಗಿಲ್ಲ, ನಾಲ್ಕು ಜನರಲ್ಲೇ ಪಿಸಿ ತಡೆಯಬೇಕು. ಹೀಗೇ ಎರಡು ಮ್ಯಾಚ್ ಕೈ ತಪ್ಪಿದವು. ಗೋಲಿಗೆ ಟರ್ಫ್ ಅಭ್ಯಾಸ, ಮಣ್ಣಿನಲ್ಲಿ ಚೆಂಡು ಕೊನೇ ಕ್ಷಣಕ್ಕೆ ಎಗರಿ ಅವನ ಕಿಕ್ಕರ್ (ಪಾದದ ಪ್ಯಾಡ್) ಮೇಲಿಂದ ಒಳಗೆ ಹೋಗುತ್ತಿತ್ತು. ಅದೇ ಹೊತ್ತಿಗೆ ಒಂದು ಟೂರ್ನಿಯಲ್ಲಿ ಬೆಂಗಳೂರಿನ ಆ ಕ್ಲಬ್ಬೇ ಎದುರಾಯಿತು. ನಮ್ಮ ಹಳೇ ಹುಡುಗ ನಮಗೇ ಎರಡು ಗೋಲ್ ಹೊಡೆದ. 1–2ರಲ್ಲಿ ಸೋತೆವು. ಗೋಡೆ ಮೇಲೆ ಕೂತಿದ್ದವರು ನನ್ನ ಹೆಸರು ಹಿಡಿದು ಕೂಗಿದರು. ಆದರೆ ಆ ದಿನ ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದು ಬೇರೆ: ಎರಡೂ ಫೀಲ್ಡ್ ಗೋಲ್, ಅಂದರೆ ಪಿಸಿಯಲ್ಲದೆ ಆಟದ ಮಧ್ಯೆ ಹೊಡೆದಿದ್ದು. ಅವರಿಗೆ ಐದಾರು ಪಿಸಿ ಸಿಕ್ಕಿತ್ತು, ಒಂದೂ ಒಳಗೆ ಹೋಗಿರಲಿಲ್ಲ. ಅವತ್ತೇ ನನಗೆ ಧೈರ್ಯ ಬಂತು.

ಓಟದ ಸಮಸ್ಯೆ ಬಗೆಹರಿದಿದ್ದು ಹೀಗೆ. ರಶರ್ ಚೆಂಡು ನೋಡುವುದನ್ನು ಬಿಡಿಸಿದೆವು. ಪುಷರ್‌ನ ಹಿಂದಿನ ಕಾಲಿನ ಹಿಮ್ಮಡಿ ನೋಡು ಅಂದೆ. ತಳ್ಳುವ ಕ್ಷಣದಲ್ಲಿ ಭಾರ ಮುಂದಿನ ಕಾಲಿಗೆ ಬಂದು ಆ ಹಿಮ್ಮಡಿ ಏಳುತ್ತದೆ. ಕೈ ಆಡಿಸಿ ಮೋಸ ಮಾಡಬಹುದು, ಹಿಮ್ಮಡಿಯಲ್ಲಿ ಮೋಸ ಮಾಡುವುದು ಕಷ್ಟ. ದಿನಾ ಸಂಜೆ ಚೆಂಡೇ ಇಲ್ಲದೆ ಬರೀ ಇದೇ ಅಭ್ಯಾಸ. ಗೋಲ್ ಲೈನಿನಿಂದ ಡಿ ತುದಿಗೆ ಓಟ, ಸ್ಟಿಕ್ ನೆಲಕ್ಕೆ, ಹಿಟ್ಟರ್‌ನ ಬಲಗೈ ಕಡೆಯ ಗೆರೆ ಮುಚ್ಚುವುದು. ಆ ಗೆರೆ ರಶರ್‌ದು, ಉಳಿದ ಅರ್ಧ ಗೋಲಿದು. ಗೋಲಿ ಲೈನ್ ಬಿಟ್ಟು ಎರಡು ಹೆಜ್ಜೆ ಮುಂದೆ. ಮೊದಲ ಹೊಡೆತ ಹಿಟ್ ಆದರೆ 460 ಮಿಲಿಮೀಟರ್‌ಗಿಂತ ಮೇಲೆ ಹೋದರೆ ಗೋಲ್ ಇಲ್ಲ ಅಲ್ವಾ? ಮಣ್ಣಿನಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎತ್ತಿ ಎಸೆಯುವುದು) ಮಾಡುವವರು ತೀರಾ ವಿರಳ, ಹೆಚ್ಚಿನವರು ಹಿಟ್ಟೇ. ಹಾಗಾಗಿ ಗೋಲಿಗೆ ಕೆಳಗಿನ ಚೆಂಡೇ ಮುಖ್ಯ. ಎಡಗಡೆ ಪೋಸ್ಟಿಗೆ ಯಾರನ್ನು, ಎಷ್ಟು ದೂರದಲ್ಲಿ ನಿಲ್ಲಿಸುತ್ತೇವೆ ಅನ್ನುವುದನ್ನು ಇಲ್ಲಿ ಬಿಡುತ್ತೇನೆ. ಮ್ಯಾಚ್ ನೋಡಿದವರು ಕಂಡುಹಿಡಿಯಲಿ.

ಪಿಸಿ ಕೊಡುವುದನ್ನೇ ಕಡಿಮೆ ಮಾಡುವುದು ಇನ್ನೊಂದು ಕೆಲಸ. ಇದು ಹೇಳುವಷ್ಟು ದೊಡ್ಡದಲ್ಲ. 23 ಮೀಟರ್ ಗೆರೆ ದಾಟಿದ ಮೇಲೆ ಟ್ಯಾಕಲ್ ಬೇಡ, ಎದುರಾಳಿಯನ್ನು ಅವನ ರಿವರ್ಸ್ ಸ್ಟಿಕ್ ಕಡೆಗೆ (ಅವನ ಎಡಕ್ಕೆ) ತಳ್ಳಿಕೊಂಡು ಬೇಸ್ ಲೈನ್‌ಗೆ ಕರೆದೊಯ್ಯಿರಿ, ಪಿಸಿಯಷ್ಟು ಅಪಾಯವಿಲ್ಲದ ಲಾಂಗ್ ಕಾರ್ನರ್ ಹೋದರೂ ಹೋಗಲಿ. ಅಷ್ಟೇ.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆವು. ಊರಲ್ಲಿ ಹಬ್ಬ, ಹುಟ್ಟುಹಬ್ಬ, ಚುನಾವಣೆ ಮುಗಿದ ಮೇಲೆ ತೆಗೆದು ಬಿಸಾಕುವ ಫ್ಲೆಕ್ಸ್ ಬ್ಯಾನರ್ ರಾಶಿ ಇರುತ್ತದಲ್ಲ, ಅದನ್ನು ತಂದು ಪುಷರ್‌ನಿಂದ ಡಿ ತುದಿ ತನಕ ಉದ್ದಕ್ಕೆ ಹಾಸಿದೆವು. ಹಿಂಭಾಗ ಮೇಲೆ, ಅಂಚಿಗೆ ಇಟ್ಟಿಗೆ, ಮೇಲೆ ಬಿಂದಿಗೆಯಿಂದ ನೀರು. ಚೆಂಡು ಸುಯ್ ಅಂತ ಹೋಗುತ್ತದೆ, ಥೇಟ್ ಟರ್ಫ್. ನಮ್ಮದೇ ಪಿಸಿ ಹೊಡೆತಕ್ಕೆ ಇದರ ಮೇಲೆ ಅಭ್ಯಾಸ ಮಾಡಿಸಿದೆ. ಮಣ್ಣಿನ ಮ್ಯಾಚಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ, ಕೈಗೆ ಬೇರೆಯೇ ವೇಗ ಕೂತುಬಿಡುತ್ತದೆ. ಹಾಗಾಗಿ ಹಾಸನದಲ್ಲಿ ಟರ್ಫ್ ಮೇಲೆ ಆಡಲು ಹೋಗುವ ವಾರ ಮಾತ್ರ ಹಾಸಿದೆವು. ಅಲ್ಲಿ ನಮ್ಮ ಹುಡುಗರು ಗಾಬರಿಯಾಗದೆ ಆಡಿದರು, ಸೆಮಿಫೈನಲ್ ತನಕ ಹೋದೆವು. ಟ್ಯಾಂಕರ್ ನೀರಿಗೆ ಒಂದು ಲೋಡಿಗೆ ಆರೇಳು ನೂರು ಬಿಟ್ಟರೆ ಬೇರೆ ಖರ್ಚಿಲ್ಲ. ಗೋಲಿಗೆ ಟೆನಿಸ್ ಬಾಲನ್ನು ಜಲ್ಲಿ ಹರಡಿದ ನೆಲಕ್ಕೆ ಬಡಿದು ಎಗರಿಸಿ ಅಭ್ಯಾಸ ಮಾಡಿಸಿದ್ದು ಇನ್ನೂ ಚೆನ್ನಾಗಿ ಫಲ ಕೊಟ್ಟಿತು.

ಸೀಸನ್ ಮುಗಿದಾಗ ಬಿಟ್ಟ ಗೋಲ್ ಹದಿನೈದು, ಹದಿನಾರು ಇರಬೇಕು. ಪಿಸಿಯಲ್ಲಿ ನಾಲ್ಕೋ ಐದೋ. ಹೊಡೆದಿದ್ದು ಹಿಂದಿನ ವರ್ಷಕ್ಕಿಂತ ಕಡಿಮೆಯೇ, ಆದರೆ ಆರು ಹುಡುಗರು ಹಂಚಿಕೊಂಡು ಹೊಡೆದಿದ್ದು. ಒಂದು ಕಪ್ ಗೆದ್ದೆವು, 25 ಸಾವಿರ ಬಹುಮಾನ. ಫೈನಲ್ 1–0. ಕೊನೇ ನಿಮಿಷಗಳಲ್ಲಿ ಮೇಲಿಂದ ಮೇಲೆ ಮೂರು ಪಿಸಿ ಬಿತ್ತು. ಮೊದಲನೆಯದು ರಶರ್‌ನ ಸ್ಟಿಕ್ಕಿಗೆ, ಎರಡನೆಯದು ಅವನ ಮಂಡಿಗೆ, ಮೂರನೆಯದು ಗೋಲಿಯ ಎಡ ಪ್ಯಾಡಿಗೆ. ಮಂಡಿ ಊದಿಕೊಂಡಿದ್ದರೂ ಅವನು ಮೂರನೇ ಸಲವೂ ಅಷ್ಟೇ ವೇಗದಲ್ಲಿ ಓಡಿದ್ದ. ಪಿಟಿ ಮೇಷ್ಟ್ರು ಇಳಿದು ಬಂದು ಅವನ ಮಾಸ್ಕ್ ತಾವೇ ಬಿಚ್ಚಿ ಬೆನ್ನು ತಟ್ಟಿದರು. ವರ್ಷದ ಕೊನೆಗೆ ಖಾತೆಯಲ್ಲಿ ಇಪ್ಪತ್ತು ಸಾವಿರದಷ್ಟು ಉಳಿದಿತ್ತು. ನಮ್ಮ ತಂಡದ ಖಾತೆಯಲ್ಲಿ ದುಡ್ಡು ಉಳಿದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೊಡ್ಡ ಮಟ್ಟದಲ್ಲೂ ಈ ಚರ್ಚೆ ನಿಂತಿಲ್ಲ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಪಿಸಿಯಲ್ಲಿ ಗೋಲ್ ಹೊಡೆಯುವುದಕ್ಕೆ ಹೆಸರಾದ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ, ಎಲ್ಲರಿಗಿಂತ ಜಾಸ್ತಿ. ಕೊಟ್ಟಿದ್ದು ಸೂರ್ಮಾ ತಂಡ, ಆ ಸೀಸನ್ ಕಪ್ ಎತ್ತಿದ್ದು ರಾರ್ ಬೆಂಗಾಲ್ ಟೈಗರ್ಸ್. ಹರ್ಮನ್‌ಪ್ರೀತ್ ಆ ಬೆಲೆಗೆ ಯೋಗ್ಯನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋಲುತ್ತಿರುವ ತಂಡ ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡಬೇಕು, ಆಮೇಲೆ ಯಾರನ್ನು ತರಬೇಕು ಅಂತ ಮಾತಾಡಬೇಕು.

ಈಗ ನಮ್ಮ ರಶರ್‌ನನ್ನು ಕೊಡಿ ಅಂತ ಎರಡು ತಂಡದವರು ಕೇಳಿದ್ದಾರೆ. ಒಬ್ಬರು ಹೇಳಿದ ಮೊತ್ತ ಚೆನ್ನಾಗಿಯೇ ಇತ್ತು. ಅವನನ್ನು ಕೊಡಲ್ಲ. ಗೋಲಿಯ ಬಗ್ಗೆ ಮಾತಾಡಬಹುದು, ಯಾಕೆಂದರೆ ಅವನ ಕೈಕೆಳಗೆ ಗುಬ್ಬಿಯ ಹುಡುಗನೊಬ್ಬ ತಯಾರಾಗುತ್ತಿದ್ದಾನೆ. ನಮಗೆ ಬೇಕಾಗಿರುವುದು ಎಡಗಾಲಿನ ಮೇಲೆ ಚೆನ್ನಾಗಿ ತಿರುಗುವ ಲೆಫ್ಟ್ ಹಾಫ್. ವಾರದಲ್ಲಿ ನಾಲ್ಕು ಸಂಜೆ ತುಮಕೂರಿಗೆ ಬರಲು ಆಗಬೇಕು. ಅಂಥವನು ನಿಮ್ಮ ಬೆಂಚ್ ಮೇಲೆ ಕೂತಿದ್ದರೆ ದಸರಾ ಒಳಗೆ ತಿಳಿಸಿ.