ಹ್ಯಾಂಡ್‌ಗನ್ ರೀಲೋಡಿಂಗ್‌ಗೆ ಪ್ರೈಮರ್ ಯಾವ್ದು ತಗೋಬೇಕು?
ರೀಲೋಡಿಂಗ್ ಅಂದ್ರೆ ಹೊಡೆದ ಗುಂಡಿನ ಖಾಲಿ ಕೇಸ್‌ನ (ಲೋಹದ ಕೋಶ) ಮತ್ತೆ ತುಂಬೋದು, ಪ್ರೈಮರ್ ಅಂದ್ರೆ ಅದರ ತಳದಲ್ಲಿ ಕೂತು ಪೌಡರ್‌ಗೆ ಕಿಡಿ ಹಚ್ಚೋ ಪುಟ್ಟ ಬಟ್ಟಲು. ಅಮೆರಿಕದಲ್ಲಿದ್ದು ಈ ಹಾಬಿ ಶುರು ಮಾಡ್ತಿರೋರು ಮೊದ್ಲು ಕೇಸ್ ತಿರುಗಿಸಿ ಪ್ರೈಮರ್ ಪಾಕೆಟ್ (ಪ್ರೈಮರ್ ಕೂರೋ ಕುಳಿ) ನೋಡಿ. 9 ಎಂಎಂ, .38 ಸ್ಪೆಷಲ್ ಗುಂಡುಗಳಿಗೆ 0.175 ಇಂಚು ಅಗಲದ ಸ್ಮಾಲ್ ಪಿಸ್ಟಲ್ ಪ್ರೈಮರ್, .44 ಮ್ಯಾಗ್ನಮ್‌ಗೆ 0.210ರ ಲಾರ್ಜ್. ಕಿರಿಕ್ ಇರೋದು .45 ಎಸಿಪಿದು, ಅದ್ರಲ್ಲಿ ಎರಡೂ ಥರದ ಕೇಸ್ ಬರುತ್ತೆ, ಶೂಟಿಂಗ್ ರೇಂಜಲ್ಲಿ ಹೆಕ್ಕಿ ತಂದಿದ್ದನ್ನ ಬೇರೆ ಬೇರೆ ಮಾಡ್ದೆ ಹಂಗೇ ಪ್ರೆಸ್‌ಗೆ (ರೀಲೋಡಿಂಗ್ ಮಷಿನ್) ಹಾಕಿದ್ರೆ ಲಾರ್ಜ್ ಪ್ರೈಮರ್ ಚಿಕ್ಕ ಪಾಕೆಟ್ ಮೇಲೆ ಜಜ್ಜಿಹೋಗುತ್ತೆ, ಅಲ್ಲೇ ಸಿಡಿದ್ರೂ ಸಿಡೀತು, ಸೇಫ್ಟಿ ಕನ್ನಡಕ ಹಾಕ್ಕೊಂಡೇ ಕೂತ್ಕೊಳ್ಳಿ. ಲಾರ್ಜ್ ರೈಫಲ್ ಪ್ರೈಮರ್ ಎತ್ತರ ಜಾಸ್ತಿ, ಪಿಸ್ಟಲ್ ಕೇಸಲ್ಲಿ ಹೊರಗೆ ಉಬ್ಬಿರುತ್ತೆ, ಬೇಡವೇ ಬೇಡ. ಮ್ಯಾಗ್ನಮ್ ಪ್ರೈಮರ್ ಅಂದ್ರೆ ಮ್ಯಾಗ್ನಮ್ ಗನ್‌ಗೆ ಮಾತ್ರ ಅಂತಲ್ಲ, ಎಚ್110 ಥರ ಸುಲಭವಾಗಿ ಹೊತ್ತಿಕೊಳ್ದಿರೋ ಪೌಡರ್‌ಗೆ. ಲೋಡ್ ಮ್ಯಾನುವಲ್ (ಯಾವ ಗುಂಡಿಗೆ ಏನೇನು ಎಷ್ಟು ಹಾಕಬೇಕು ಅನ್ನೋ ಪುಸ್ತಕ) ಹೇಳಿದ್ದೇ ಹಾಕಿ, ಪ್ರೈಮರ್ ಬದಲಾಯಿಸಿದ್ರೆ ಪೌಡರ್‌ನ ಮತ್ತೆ ಸ್ಟಾರ್ಟಿಂಗ್ ಲೋಡ್‌ನಿಂದ, ಅಂದ್ರೆ ಅದ್ರಲ್ಲಿ ಕೊಟ್ಟಿರೋ ಶುರುವಿನ ಕಡಿಮೆ ಅಳತೆಯಿಂದ, ಶುರು ಮಾಡಿ. ಕೂರಿಸಿದ್ಮೇಲೆ ಬೆರಳು ಸವರಿ, ಕೇಸ್ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರ್ಬೇಕು.