ಮರಿ ಇಲಿಗೆ ಖಿನ್ನತೆಯ ಔಷಧ: ಲೆಕ್ಕ ತಾಯಿಯಿಂದಲೇ ಶುರು

ಎಳೆವಯಸ್ಸಿನಲ್ಲಿ ಖಿನ್ನತೆಯ ಔಷಧ ಮೈಸೇರಿದರೆ ಬೆಳವಣಿಗೆ ಹೇಗಾಗುತ್ತದೆ ಎಂದು ಬಿಳಿ ಇಲಿಗಳಲ್ಲಿ ನೋಡುವುದು ನನ್ನ ಕೆಲಸ. ನಾನು ಬಳಸುವ ಔಷಧ ಫ್ಲುವೊಕ್ಸೆಟಿನ್. ನರಗಳ ನಡುವೆ ಸುದ್ದಿ ಒಯ್ಯುವ ಸೆರೊಟೊನಿನ್ ಎಂಬ ರಾಸಾಯನಿಕದ ಮಟ್ಟವನ್ನು ಅದು ಏರಿಸುತ್ತದೆ. ಔಷಧ ಕೊಡುವುದು ಇದರಲ್ಲಿ ಸುಲಭದ ಭಾಗ. ಮರಿಯಲ್ಲಿ ಕಂಡ ವ್ಯತ್ಯಾಸ ಔಷಧದ್ದೋ, ತಾಯಿಯದ್ದೋ, ನನ್ನ ಸೂಜಿಯದ್ದೋ? ಹೆಚ್ಚಿನ ಸಮಯ ಹೋಗುವುದು ಇದನ್ನು ಬೇರ್ಪಡಿಸಲು.

ಮೊದಲು ವಯಸ್ಸು ಗೊತ್ತುಮಾಡಿಕೊಂಡೆ. ಇಲಿ ಮರಿ ಹುಟ್ಟುವಾಗ ಅದರ ಮಿದುಳು ಇನ್ನೂ ತುಂಬಾ ಎಳಸು. ಹುಟ್ಟಿದ ಮೊದಲ ಹತ್ತು ದಿನ ಮಿದುಳಿನ ಮಟ್ಟಿಗೆ ಮನುಷ್ಯರ ಬಸಿರಿನ ಕೊನೆಯ ಮೂರು ತಿಂಗಳಿಗೆ ಸರಿಸುಮಾರು ಸಮ. ಹಾಗಾಗಿ ಹೊಟ್ಟೆಯಲ್ಲಿರುವ ಮಗುವಿನ ಬಗೆಗಿನ ಪ್ರಶ್ನೆಯನ್ನು ಹುಟ್ಟಿದ ಮರಿಯಲ್ಲಿ ಕೇಳಬಹುದು. ಆದರೆ ಆಗ ಮಾಸು ಇರುವುದಿಲ್ಲ. ಭ್ರೂಣದ ಮುಂಮಿದುಳಿಗೆ ಮೊದಮೊದಲು ಸೆರೊಟೊನಿನ್ ಬರುವುದು ಮಾಸಿನಿಂದ ಎಂದು 2011ರಲ್ಲಿ ಚಿಟ್ಟಿಲಿಗಳಲ್ಲಿ ತೋರಿಸಿದ್ದಾರೆ. ಅದನ್ನು ಬಿಟ್ಟು ಲೆಕ್ಕ ಹಾಕುವುದು ನನಗೆ ಸರಿ ಕಾಣಲಿಲ್ಲ. ಕೆಲವು ಗುಂಪುಗಳಲ್ಲಿ ಬಸುರಿ ತಾಯಿಗೆ, ಇನ್ನು ಕೆಲವದರಲ್ಲಿ ನೇರ ಮರಿಗೆ ಔಷಧ ಕೊಟ್ಟೆ.

ತಾಯಿಗೆ ಕೊಟ್ಟಾಗ ತಲೆನೋವು ಅವಳ ಹಸಿವಿನದ್ದು. ಈ ಔಷಧ ಇಲಿಗಳ ಹಸಿವು ತಗ್ಗಿಸುತ್ತದೆ. ತಾಯಿ ಕಡಿಮೆ ತಿಂದರೆ ಮರಿ ಸಣ್ಣದಾಗುತ್ತದೆ. ಅದಕ್ಕೆ ಔಷಧ ಮರಿಯ ಮೈ ಮುಟ್ಟಲೇಬೇಕೆಂದಿಲ್ಲ, ಅಲ್ವಾ? ಅದಕ್ಕಾಗಿ ಇನ್ನೊಂದು ಗುಂಪು ಬೇಕಾಯಿತು. ಔಷಧ ತಿಂದ ತಾಯಿ ಎಷ್ಟು ಆಹಾರ ತಿಂದಳೋ ಅಷ್ಟನ್ನೇ, ಔಷಧವಿಲ್ಲದ ಇನ್ನೊಬ್ಬ ತಾಯಿಗೆ ತೂಗಿ ಹಾಕುವುದು. ಹುಟ್ಟಿದ ದಿನವೇ ಕೆಲವು ಸೂಲುಗಳನ್ನು (ಒಂದೇ ಹೆರಿಗೆಯ ಮರಿಗಳ ಗುಂಪುಗಳನ್ನು) ಅದಲು ಬದಲು ಮಾಡಿ ಸಾಕುತಾಯಿಯ ಬಳಿ ಬಿಟ್ಟೆ. ಹೊಟ್ಟೆಯಲ್ಲಿ ಆದದ್ದು ಯಾವುದು, ಹಾಲಿನಿಂದ ಮತ್ತು ಆರೈಕೆಯಿಂದ ಆದದ್ದು ಯಾವುದು ಎಂದು ಸ್ವಲ್ಪವಾದರೂ ತಿಳಿಯುವುದು ಹೀಗೆ ಮಾತ್ರ. ಔಷಧವನ್ನು ಕುಡಿಯುವ ನೀರಿಗೆ ಹಾಕುವವರಿದ್ದಾರೆ. ಯಾವ ಇಲಿ ಎಷ್ಟು ಕುಡಿಯಿತು ಎನ್ನುವುದು ದಿನಕ್ಕೊಂದು ಥರ ಇರುತ್ತದೆ. ಬಾಯಿಗೆ ಕೊಳವೆ ಇಳಿಸಿದರೆ ಬಸುರಿಗೆ ಅದೇ ಒಂದು ಹಿಂಸೆ. ಬಿಸ್ಕತ್ತಿನ ತುಣುಕಿಗೆ ಔಷಧ ಬೆರೆಸಿ ಕೊಡುವುದು ನನಗೆ ಹಿಡಿಸಿತು. ಪೂರ್ತಿ ತಿಂದಳಾ ಇಲ್ಲವಾ ಎಂದು ಕಣ್ಣಾರೆ ನೋಡಬಹುದು.

ಮರಿಗೆ ಚರ್ಮದಡಿ ಚುಚ್ಚುವಾಗ ದಿನವೂ ತೂಕ ನೋಡಿ ಡೋಸ್ ಬದಲಿಸಬೇಕು. ಬೆಳೆಯುವ ವೇಗ ಹಾಗಿರುತ್ತದೆ. ಮೊದಲ ದಿನಗಳಲ್ಲಿ ಮರಿ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ತಕ್ಕಡಿಯ ಪಕ್ಕ ಬೆಚ್ಚನೆಯ ಪ್ಯಾಡ್ ಇರಲೇಬೇಕು. ಹೋಲಿಕೆಯ ಗುಂಪಿಗೆ ಬರೀ ಸಲೈನ್. ಇದರ ಜೊತೆಗೆ ಕೈಯೇ ಹಚ್ಚದ ಇನ್ನೊಂದು ಗುಂಪನ್ನೂ ಇಟ್ಟೆ. ಎತ್ತಿಕೊಂಡು ಹೋದ ಮರಿಯನ್ನು ವಾಪಸ್ ಬಿಟ್ಟ ಮೇಲೆ ತಾಯಿ ಅದನ್ನು ಜಾಸ್ತಿ ನೆಕ್ಕುತ್ತಾಳೆ. ಆ ನೆಕ್ಕುವಿಕೆಯೇ ಮರಿಯ ಮುಂದಿನ ಒತ್ತಡದ ಸ್ವಭಾವವನ್ನು ಬದಲಿಸಬಲ್ಲದು.

ಸೂಲಿನ ಲೆಕ್ಕದಲ್ಲಿ ನಾನು ಹಟಮಾರಿ. ಮೊದಲ ದಿನವೇ ಪ್ರತಿ ತಾಯಿಯ ಬಳಿ ಎಂಟು ಮರಿ ಉಳಿಸಿಕೊಳ್ಳುತ್ತೇನೆ, ಗಂಡು ಹೆಣ್ಣು ಸಮ. ಹದಿನಾಲ್ಕು ಮರಿ ಹಾಲಿಗೆ ಮುಗಿಬಿದ್ದ ಪಂಜರವನ್ನು ಆರು ಮರಿಯ ಪಂಜರದ ಜೊತೆ ಹೋಲಿಸಿ ಏನು ಪ್ರಯೋಜನ? ಒಂದೇ ಸೂಲಿನ ಮರಿಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಇಬ್ಬರು ತಾಯಂದಿರ ಹದಿನಾರು ಮರಿ ನನ್ನ ಪ್ರಕಾರ ಹದಿನಾರಲ್ಲ, ಎರಡು. ಇದನ್ನು ಮರೆತ ಪ್ರಬಂಧಗಳು ಈಗಲೂ ಬರುತ್ತವೆ, ಓದಿದಾಗ ಸಿಟ್ಟು ಬರುತ್ತದೆ.

ಔಷಧ ಪಡೆದ ಮರಿಗಳ ತೂಕ ನಿಧಾನವಾಗಿ ಏರಿತು. ಡೋಸ್ ಜಾಸ್ತಿಯಾದಷ್ಟೂ ಅಂತರ ಹೆಚ್ಚಿತು. ಹಾಲು ಬಿಡಿಸಿದ ಮೇಲೆ, ಅಂದರೆ 21ನೇ ದಿನದ ನಂತರ, ಅದು ಕ್ರಮೇಣ ಕಡಿಮೆಯಾಯಿತು. ಕಿವಿ ಬಿಚ್ಚುವುದು, ಹಲ್ಲು ಮೂಡುವುದು, ಅಂಗಾತ ಮಲಗಿಸಿದರೆ ಮಗುಚಿಕೊಳ್ಳುವುದು, ಇವನ್ನೆಲ್ಲ ದಿನವೂ ಗುರುತು ಹಾಕುತ್ತಿದ್ದೆ. ಕಣ್ಣು ಬಿಡುವುದು ಸಾಮಾನ್ಯವಾಗಿ 14ನೇ ದಿನದ ಆಸುಪಾಸಿನಲ್ಲಿ. ಸಣ್ಣ ಮರಿ ತಡವಾಗಿ ಕಣ್ಣು ಬಿಟ್ಟರೆ ಅದು ಮೈ ಸಣ್ಣದಾದ್ದರಿಂದಲೂ ಇರಬಹುದು. ಹಾಗಾಗಿ ತೂಕವನ್ನು ಬದಿಗಿಟ್ಟು ಆ ದಿನಾಂಕಗಳನ್ನು ಓದುವುದಿಲ್ಲ.

ತೂಕ ಸರಿಹೋಯಿತು ಅಂದರೆ ಕತೆ ಮುಗಿಯಿತು ಅಂತಲ್ಲ. 2004ರಲ್ಲಿ ಪ್ರಕಟವಾದ ಅನ್ಸೋರ್ಗೆ ಮತ್ತು ಸಂಗಡಿಗರ ಪ್ರಯೋಗದಲ್ಲಿ ಚಿಟ್ಟಿಲಿಗಳಿಗೆ 4ರಿಂದ 21ನೇ ದಿನದವರೆಗೆ ಇದೇ ಔಷಧ ಕೊಟ್ಟು ನಿಲ್ಲಿಸಿದರು. ದೊಡ್ಡವಾದ ಮೇಲೆ ಅವು ಹೊಸ ಜಾಗದಲ್ಲಿ ಹೆಚ್ಚು ಹಿಂಜರಿದವು. ದುಗುಡ ಇಳಿಸಬೇಕಾದ ಔಷಧ ಉಲ್ಟಾ ಹೊಡೆದಿತ್ತು. ಬೆಳೆಯುವ ಮಿದುಳಿನಲ್ಲಿ ಸೆರೊಟೊನಿನ್‌ಗೆ ನರಗಳ ದಾರಿ ಹಾಕುವ ಕೆಲಸವೂ ಇದೆ. ಚಿಟ್ಟಿಲಿಯ ಮೀಸೆಯ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರಗಳು ಹುಟ್ಟಿದ ಕೆಲವು ದಿನ ಮಾತ್ರ ಸೆರೊಟೊನಿನ್ ಹೀರಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಅದು ವಿಪರೀತವಾದರೆ ಅಲ್ಲಿನ ನಕ್ಷೆಯೇ ಕೆಡುತ್ತದೆ. ನನ್ನ ಮರಿಗಳನ್ನೂ ಹಾಗಾಗಿ ದೊಡ್ಡವಾಗುವವರೆಗೆ ಸಾಕಿ ಪರೀಕ್ಷಿಸುತ್ತೇನೆ, ಒಂದು ಸೂಲಿನಿಂದ ಒಂದು ಗಂಡು, ಒಂದು ಹೆಣ್ಣು.

ಹಾಗಾದರೆ ಬಸುರಿಯರು ಮಾತ್ರೆ ಬಿಡಬೇಕಾ ಎಂದು ಕೇಳುವವರು ಜಾಸ್ತಿ. ನನ್ನ ಪಂಜರದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ನನ್ನ ತಾಯಿ ಇಲಿಗಳು ಆರೋಗ್ಯವಾಗಿದ್ದವು. ಹೆಂಗಸರು ಮಾತ್ರೆ ನುಂಗುವುದು ಕಾಯಿಲೆ ಇರುವುದರಿಂದ. ಆ ಕಾಯಿಲೆಯನ್ನು ಹಾಗೇ ಬಿಟ್ಟರೆ ತಾಯಿ ಮಗು ಇಬ್ಬರಿಗೂ ತೊಂದರೆ ಆಗಬಹುದು. ಯಾರೂ ತಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬಾರದು, ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ಮುಂದಿನ ಬ್ಯಾಚಿನಲ್ಲಿ ಬಸಿರಿನಲ್ಲಿ ಒತ್ತಡ ಅನುಭವಿಸಿದ ತಾಯಂದಿರನ್ನೂ ಸೇರಿಸುತ್ತಿದ್ದೇನೆ, ಔಷಧ ಕೊಟ್ಟ ಮತ್ತು ಕೊಡದ ಎರಡೂ ಬಗೆಯವರನ್ನು.